ಕೀವ್ ಇದ್ದಾಗ ಮಾಸ್ಕೋ ಹೇಗೆ ಮೇಲೆ ಬಂತು?

ಪ್ರಶ್ನೆ: ನಾನು ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದೇನೆ. ರಷ್ಯಾದ ಪಾಠ ಕೀವ್‌ನಿಂದ ಶುರುವಾಗುತ್ತದೆ. ಆಮೇಲೆ ಮಂಗೋಲರು ಬರುತ್ತಾರೆ. ಅದಾದ ಮೇಲೆ ಇದ್ದಕ್ಕಿದ್ದ ಹಾಗೆ ಎಲ್ಲವೂ ಮಾಸ್ಕೋದಲ್ಲೇ ನಡೆಯುತ್ತದೆ. ನಡುವೆ ಏನಾಯಿತು ಅಂತ ಯಾರೂ ಸರಿಯಾಗಿ ಹೇಳುವುದಿಲ್ಲ. ಮಾಸ್ಕೋ ಮಂಗೋಲರನ್ನು ಸೋಲಿಸಿ ದೊಡ್ಡದಾಯಿತು ಅನ್ನುವುದು ನಿಜವೇ? ಇನ್ನೊಂದು ಸಣ್ಣ ಅನುಮಾನ: ರಷ್ಯಾ ಸಾಮ್ರಾಜ್ಯ ಆದದ್ದು 1547ರಲ್ಲೋ, 1721ರಲ್ಲೋ?

ಉತ್ತರ: ಮಾಸ್ಕೋ ದೊಡ್ಡದಾದದ್ದು ಮಂಗೋಲರಿಗೆ ಕಪ್ಪ ವಸೂಲಿ ಮಾಡಿಕೊಟ್ಟು. ಸೋಲಿಸುವ ಮಾತು ಬಂದದ್ದು ಬಹಳ ತಡವಾಗಿ. ಅದೂ ನಾವು ಅಂದುಕೊಂಡಷ್ಟು ರೋಚಕವಾಗಿ ನಡೆಯಲಿಲ್ಲ. ಹಾಗಾಗಿ ಯುದ್ಧಗಳ ಇಸವಿ ಬಾಯಿಪಾಠ ಮಾಡುವ ಬದಲು ಒಂದೇ ವಿಷಯದ ಮೇಲೆ ಕಣ್ಣಿಡಿ. ಊರೂರಿನಿಂದ ಕಂದಾಯ ಎತ್ತುವವರು ಯಾರು, ಅದು ಕೊನೆಗೆ ಯಾರ ಕೈ ಸೇರುತ್ತದೆ? ಇದನ್ನು ಹಿಡಿದುಕೊಂಡು ಹೋದರೆ ಕೀವ್‌ನಿಂದ ಚಕ್ರವರ್ತಿ ಪೀಟರ್‌ವರೆಗೆ ದಾರಿ ತಪ್ಪುವುದಿಲ್ಲ.

ಮೊದಲು ಕೀವ್. ಒಂಬತ್ತನೇ ಶತಮಾನದಲ್ಲಿ ಸ್ಕ್ಯಾಂಡಿನೇವಿಯಾದ ವೈಕಿಂಗರು ಬಾಲ್ಟಿಕ್ ಸಮುದ್ರದಿಂದ ನದಿ ಹಿಡಿದು ಕಾನ್‌ಸ್ಟಾಂಟಿನೋಪಲ್‌ವರೆಗೆ ಹೋಗುತ್ತಿದ್ದರು. ನೆವಾ ನದಿ, ಲಡೋಗಾ ಸರೋವರ, ವೋಲ್ಖೊವ್, ಲೊವಾತ್. ಅಲ್ಲಿಂದ ದೋಣಿಯನ್ನು ನೆಲದ ಮೇಲೆ ಎಳೆದುಕೊಂಡು ಹೋಗಿ ದ್ನೀಪರ್ ನದಿಗೆ ಇಳಿಸಬೇಕು. ಆಮೇಲೆ ಕಪ್ಪು ಸಮುದ್ರ. ಸರಕು ಅಂದರೆ ತುಪ್ಪಳದ ಚರ್ಮ, ಜೇನು, ಮೇಣ, ಗುಲಾಮರು. ಈ ದಾರಿಯ ಉತ್ತರದಲ್ಲಿ ನೊವ್ಗೊರೊಡ್, ದಕ್ಷಿಣದಲ್ಲಿ ಕೀವ್. ರೂರಿಕ್ ಎಂಬ ವೈಕಿಂಗ್ ನಾಯಕನನ್ನು 862ರಲ್ಲಿ ಸ್ಥಳೀಯರೇ ಕರೆಸಿ ಪಟ್ಟ ಕೊಟ್ಟರು, 882ರಲ್ಲಿ ಅವನ ಬಂಧು ಒಲೆಗ್ ಕೀವ್ ಹಿಡಿದ ಅಂತ ಹಳೆಯ ವೃತ್ತಾಂತ ಹೇಳುತ್ತದೆ. ಆದರೆ ಆ ವೃತ್ತಾಂತ ಈ ರೂಪಕ್ಕೆ ಬಂದದ್ದು ಹನ್ನೆರಡನೇ ಶತಮಾನದ ಶುರುವಿನಲ್ಲಿ. ಇನ್ನೂರೈವತ್ತು ವರ್ಷ ಕಳೆದ ಮೇಲೆ ಹಾಕಿದ ಲೆಕ್ಕ ಅದು. 862 ಅಂತ ಪರೀಕ್ಷೆಯಲ್ಲಿ ಬರೆಯಿರಿ, ಮನಸ್ಸಿನಲ್ಲಿ ಮಾತ್ರ ಜಾಸ್ತಿ ನೆಚ್ಚಿಕೊಳ್ಳಬೇಡಿ.

ಆಗಿನ ರಾಜನಿಗೆ ಕಚೇರಿ, ಕಡತ ಒಂದೂ ಇರಲಿಲ್ಲ. ಚಳಿಗಾಲ ಬಂದರೆ ಪಡೆ ಕಟ್ಟಿಕೊಂಡು ತಾನೇ ಊರೂರು ಸುತ್ತಿ ಕಪ್ಪ ಎತ್ತುತ್ತಿದ್ದ. 945ರಲ್ಲಿ ಈಗೊರ್ ಎಂಬ ರಾಜ ಹೀಗೆ ದ್ರೆವ್ಲಿಯನ್ ಬುಡಕಟ್ಟಿನವರಿಂದ ಕಪ್ಪ ತೆಗೆದುಕೊಂಡು ಹೊರಟ. ಅರ್ಧ ದಾರಿಯಲ್ಲಿ ಅವನಿಗೆ ಇನ್ನೂ ಸ್ವಲ್ಪ ಸಿಗಬಹುದು ಅನ್ನಿಸಿತು. ಹೆಚ್ಚಿನ ಸೈನಿಕರನ್ನು ಮನೆಗೆ ಕಳಿಸಿ, ಕೆಲವರ ಜೊತೆ ವಾಪಸು ಹೋದ. ತೋಳ ಮಂದೆಗೆ ಬರುವ ರೂಢಿ ಮಾಡಿಕೊಂಡರೆ ಒಂದು ಕುರಿಯನ್ನೂ ಉಳಿಸುವುದಿಲ್ಲ ಅಂತ ಮಾತಾಡಿಕೊಂಡು ದ್ರೆವ್ಲಿಯನ್ನರು ಅವನನ್ನು ಕೊಂದುಹಾಕಿದರು. ಅವನ ಹೆಂಡತಿ ಒಲ್ಗಾ ಸೇಡು ತೀರಿಸಿಕೊಂಡ ಕತೆಯೇ ಎಲ್ಲ ಪುಸ್ತಕಗಳಲ್ಲೂ ಇರುತ್ತದೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಆಮೇಲೆ ಅವಳು ಮಾಡಿದ ಕೆಲಸ. ಯಾವ ಜಾಗದಲ್ಲಿ, ಎಷ್ಟು ಕಪ್ಪ ಅಂತ ಗೊತ್ತುಮಾಡಿದಳು. ಸುಲಿಗೆ ಹೋಗಿ ಕಂದಾಯವಾದದ್ದು ಅಲ್ಲಿಂದ.

ಅವಳ ಮೊಮ್ಮಗ ವ್ಲಾಡಿಮಿರ್ 988ರಲ್ಲಿ ಕ್ರೈಸ್ತನಾಗಿ, ಕಾನ್‌ಸ್ಟಾಂಟಿನೋಪಲ್‌ನಿಂದ ಆಳುತ್ತಿದ್ದ ಬೈಜಾಂಟಿಯಂ ಚಕ್ರವರ್ತಿಯ ತಂಗಿ ಅನ್ನಾಳನ್ನು ಮದುವೆಯಾದ. ಅವನ ಮಗ ಯಾರೊಸ್ಲಾವ್ ಕಾಲಕ್ಕೆ ಕೀವ್ ಯೂರೋಪಿನ ದೊಡ್ಡ ಪಟ್ಟಣಗಳ ಸಾಲಿಗೆ ಸೇರಿತ್ತು. ಯಾರೊಸ್ಲಾವನ ಮಗಳೊಬ್ಬಳು ಫ್ರಾನ್ಸಿನ ರಾಣಿಯಾದಳು. 1054ರಲ್ಲಿ ಅವನು ಸತ್ತ. ಆಮೇಲೆ ಶುರುವಾದದ್ದು ದಾಯಾದಿ ಜಗಳ.

ಜಗಳಕ್ಕೆ ಕಾರಣ ಪಟ್ಟದ ಪದ್ಧತಿ. ಅಣ್ಣ ಸತ್ತರೆ ತಮ್ಮನಿಗೆ, ತಮ್ಮಂದಿರು ಮುಗಿದ ಮೇಲೆ ಹಿರಿಯಣ್ಣನ ಮಕ್ಕಳಿಗೆ. ಹೇಳುವುದಕ್ಕೆ ಸುಲಭ. ಮೂರನೇ ತಲೆಮಾರಿಗೆ ಬರುವಷ್ಟರಲ್ಲಿ ಚಿಕ್ಕಪ್ಪಂದಿರು ಯಾರು, ಅಣ್ಣತಮ್ಮಂದಿರು ಯಾರು ಅಂತಲೇ ಕತ್ತಿ ಹಿಡಿಯುತ್ತಿದ್ದರು. 1097ರಲ್ಲಿ ಲ್ಯುಬೆಚ್ ಎಂಬಲ್ಲಿ ಸೇರಿ, ಅವರವರ ಅಪ್ಪನ ನೆಲ ಅವರವರಿಗೆ ಅಂತ ಒಪ್ಪಂದ ಮಾಡಿಕೊಂಡರು. ಅಲ್ಲಿಗೆ ನಾಡು ಪಾಳೆಯಪಟ್ಟುಗಳಾಗಿ ಒಡೆಯಿತು. ನೀವು ಕೇಳಿದ 'ನಡುವೆ ಏನಾಯಿತು' ಅನ್ನುವುದಕ್ಕೆ ಅರ್ಧ ಉತ್ತರ ಇಲ್ಲೇ ಇದೆ. ಮಂಗೋಲರು ಬರುವ ಮೊದಲೇ ಕೀವ್ ಸೊರಗಿತ್ತು. 1169ರಲ್ಲಿ ಅದನ್ನು ಲೂಟಿ ಹೊಡೆದವನು ಹೊರಗಿನವನಲ್ಲ, ಅದೇ ವಂಶದ ಆಂದ್ರೇ ಬೊಗೊಲ್ಯುಬ್ಸ್ಕಿ ಕಳಿಸಿದ ಸೈನ್ಯ. ಗೆದ್ದ ಮೇಲೂ ಅವನು ಕೀವ್‌ಗೆ ಹೋಗಿ ಕೂರಲಿಲ್ಲ. ಈಶಾನ್ಯದ ಕಾಡುನಾಡಿನಲ್ಲಿದ್ದ ತನ್ನ ವ್ಲಾಡಿಮಿರ್ ಪಟ್ಟಣದಲ್ಲೇ ಉಳಿದ. ಮಾಸ್ಕೋ ಆಗ ಎಲ್ಲಿತ್ತು ಅಂತೀರಾ? ಆಂದ್ರೇಯ ಅಪ್ಪ ಯೂರಿ ಡೊಲ್ಗೊರುಕಿ 1147ರಲ್ಲಿ ಇನ್ನೊಬ್ಬ ರಾಜನನ್ನು ಅಲ್ಲಿಗೆ ಕರೆಸಿ ಊಟ ಹಾಕಿದ ಅಂತ ವೃತ್ತಾಂತದಲ್ಲಿ ಬರುತ್ತದೆ. ಮಾಸ್ಕೋ ಹೆಸರು ಮೊದಲು ಕಾಣುವುದು ಅಲ್ಲೇ.

1237ರ ಚಳಿಗಾಲದಲ್ಲಿ ಬಟು ಖಾನ್ ಬಂದ. ಹೆಪ್ಪುಗಟ್ಟಿದ ನದಿಗಳೇ ಅವನ ಕುದುರೆಗಳಿಗೆ ಹೆದ್ದಾರಿ. ಮೊದಲು ರಿಯಾಜಾನ್ ಸುಟ್ಟಿತು, 1238ರಲ್ಲಿ ಮಾಸ್ಕೋ, ವ್ಲಾಡಿಮಿರ್, 1240ರ ಡಿಸೆಂಬರಿನಲ್ಲಿ ಕೀವ್. ಕೆಲವು ವರ್ಷಗಳ ನಂತರ ಪೋಪ್ ಕಳಿಸಿದ ಕಾರ್ಪಿನಿ ಎಂಬ ಸಂನ್ಯಾಸಿ ಆ ದಾರಿಯಲ್ಲಿ ಹೋದ. ಬಯಲಲ್ಲಿ ತಲೆಬುರುಡೆ, ಮೂಳೆ ಬಿದ್ದಿದ್ದವು, ಕೀವ್‌ನಲ್ಲಿ ಹೆಚ್ಚೆಂದರೆ ಇನ್ನೂರು ಮನೆ ಉಳಿದಿದ್ದವು ಅಂತ ಬರೆದಿದ್ದಾನೆ.

ಇಲ್ಲಿಂದ ಮುಂದೆ ನಿಧಾನವಾಗಿ ಓದಿ. ಮಂಗೋಲರು ಈ ಕಾಡುನಾಡಿನಲ್ಲಿ ಮನೆ ಕಟ್ಟಿ ಕೂರಲಿಲ್ಲ. ವೋಲ್ಗಾ ನದಿಯ ಕೆಳಭಾಗದ ಹುಲ್ಲುಗಾವಲಿನಲ್ಲಿ ಸರಾಯ್ ಎಂಬ ರಾಜಧಾನಿ ಕಟ್ಟಿಕೊಂಡರು. ಚಿನ್ನದ ತಂಡ ಅಂತ ಕರೆಯುವುದು ಈ ರಾಜ್ಯವನ್ನೇ. ರುಸ್ (ಕೀವ್, ನೊವ್ಗೊರೊಡ್, ವ್ಲಾಡಿಮಿರ್ ಎಲ್ಲ ಸೇರಿದ ನಾಡಿನ ಹಳೆಯ ಹೆಸರು) ರಾಜರು ತಮ್ಮ ಗದ್ದುಗೆಯಲ್ಲೇ ಇರಬಹುದಿತ್ತು. ಆದರೆ ಸರಾಯ್‌ಗೆ ಹೋಗಿ ಖಾನನ ಸನದು ತರಬೇಕು. ಅದಕ್ಕೆ ಬದಲಾಗಿ ಕಪ್ಪ. ಕಪ್ಪಕ್ಕೆ ಲೆಕ್ಕ ಬೇಕಲ್ಲ, 1257ರಿಂದ ಜನಗಣತಿ ಮಾಡಿಸಿದರು. ಮಂಗೋಲರ ಕುದುರೆ ಕಾಲಿಡದೆ ಉಳಿದಿದ್ದ ನೊವ್ಗೊರೊಡ್‌ನಲ್ಲಿ ಜನ ಲೆಕ್ಕಿಗರ ಮೇಲೆ ತಿರುಗಿಬಿದ್ದರು. ಅವರನ್ನು ಬಗ್ಗಿಸಿ ಗಣತಿ ಮಾಡಿಸಿದವನು ಯಾರು ಗೊತ್ತೇ? ಸ್ವೀಡನ್ನಿನವರನ್ನೂ ಜರ್ಮನ್ ನೈಟ್‌ಗಳನ್ನೂ ಸೋಲಿಸಿ ಹೆಸರಾದ ಅಲೆಕ್ಸಾಂಡರ್ ನೆವ್‌ಸ್ಕಿ. ಪಶ್ಚಿಮದವರ ಜೊತೆ ಕಾದಾಡಿದ, ಪೂರ್ವದವರಿಗೆ ತಲೆಬಾಗಿದ. ಹೇಡಿ ಅಂತಲೋ ಸಂತ ಅಂತಲೋ ತೀರ್ಪು ಕೊಡುವ ಮೊದಲು ಕೀವ್‌ನ ಆ ಇನ್ನೂರು ಮನೆ ನೆನಪಿರಲಿ. ಚರ್ಚಿಗೆ ಮಾತ್ರ ಖಾನ್ ಕಂದಾಯ ಮಾಫಿ ಮಾಡಿದ್ದ. ಮಠಗಳು ಆ ಕಾಲದಲ್ಲೇ ಬಲಿತವು.

ಮಾಸ್ಕೋ ಸಿಕ್ಕಿದ್ದು ನೆವ್‌ಸ್ಕಿಯ ಕೊನೇ ಮಗ ಡೇನಿಯಲ್‌ಗೆ. ಕೊನೇ ಮಗನ ಪಾಲು ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಮಾಸ್ಕೋ ನದಿಗಳ ನಡುವೆ ಒಳ್ಳೆಯ ಜಾಗದಲ್ಲಿತ್ತು, ಹಾಗಾಗಿ ಬೆಳೆಯಿತು ಅಂತ ಪುಸ್ತಕಗಳು ಹೇಳುತ್ತವೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ವಾಯವ್ಯಕ್ಕಿದ್ದ ತ್ವೇರ್ ಪಟ್ಟಣ ವೋಲ್ಗಾ ದಂಡೆಯ ಮೇಲೇ ಇತ್ತು. ಜಾಗದ ಮಾತಾದರೆ ತ್ವೇರ್ ಮುಂದೆ ಬರಬೇಕಿತ್ತು. ಸುಮಾರು ದಿನ ಮುಂದೆಯೇ ಇತ್ತು ಕೂಡ.

ಡೇನಿಯಲ್‌ನ ಮಗ ಯೂರಿ ಸರಾಯ್‌ಗೆ ಹೋಗಿ ಉಜ್ಬೆಗ್ ಖಾನನ ತಂಗಿಯನ್ನೇ ಮದುವೆಯಾಗಿ ಬಂದ. ತ್ವೇರ್ ರಾಜ ಮಿಖೈಲ್ ಯುದ್ಧದಲ್ಲಿ ಗೆದ್ದು ಅವಳನ್ನು ಸೆರೆ ಹಿಡಿದ. ಅವಳು ಸೆರೆಯಲ್ಲೇ ಸತ್ತಳು. ಯೂರಿ ಖಾನನ ಹತ್ತಿರ ದೂರು ಒಯ್ದ, 1318ರಲ್ಲಿ ಮಿಖೈಲ್‌ನ ಪ್ರಾಣ ಹೋಯಿತು. 1325ರಲ್ಲಿ ಮಿಖೈಲ್‌ನ ಮಗ ಖಾನನ ಬಿಡಾರದಲ್ಲೇ ಯೂರಿಯನ್ನು ಕೊಂದ. ಮರುವರ್ಷ ಖಾನ್ ಅವನನ್ನೂ ಕೊಲ್ಲಿಸಿದ. ಇಷ್ಟೆಲ್ಲ ಆದ ಮೇಲೆ ಮಾಸ್ಕೋದ ಪಟ್ಟಕ್ಕೆ ಬಂದವನು ಯೂರಿಯ ತಮ್ಮ ಇವಾನ್. ಜನ ಅವನಿಗೆ 'ಹಣದ ಚೀಲ' ಅಂತ ಅಡ್ಡಹೆಸರು ಇಟ್ಟಿದ್ದರು.

1327ರಲ್ಲಿ ತ್ವೇರ್ ಜನ ಖಾನನ ಕಡೆಯವರನ್ನು ಕೊಂದು ದಂಗೆ ಎದ್ದರು. ಇವಾನ್ ಏನು ಮಾಡಿದ? ಸರಾಯ್‌ಗೆ ಹೋಗಿ ತಾತಾರ್ (ಖಾನನ ಕಡೆಯವರನ್ನು ರುಸ್ ಜನ ಕರೆಯುತ್ತಿದ್ದದ್ದು ಹೀಗೆ) ಸೈನ್ಯ ಕರೆದುಕೊಂಡು ಬಂದು, ಮುಂದೆ ನಿಂತು ತ್ವೇರನ್ನು ಹಾಳುಮಾಡಿಸಿದ. ಸ್ವಲ್ಪ ದಿನದಲ್ಲೇ ರುಸ್ ರಾಜರಿಗೆಲ್ಲ ಮೇಲಿನವನಾದ 'ಹಿರಿಯ ರಾಜ'ನ ಸನದು ಅವನ ಕೈಗೆ ಬಂತು. ಜೊತೆಗೆ ಬೇರೆ ರಾಜರಿಂದ ಕಪ್ಪ ಎತ್ತಿ ಸರಾಯ್‌ಗೆ ತಲುಪಿಸುವ ಕೆಲಸವೂ ಬಂತು. ಎತ್ತುವವನ ಕೈಯಲ್ಲಿ ಒಂದಷ್ಟು ಉಳಿಯದೆ ಇರುತ್ತದೆಯೇ? ಆ ದುಡ್ಡಿನಲ್ಲಿ ಇವಾನ್ ಅಕ್ಕಪಕ್ಕದ ಹಳ್ಳಿ ಕೊಂಡ. ಕಪ್ಪ ಸರಿಯಾಗಿ ಬರುತ್ತಿದ್ದಾಗ ತಾತಾರರು ಲೂಟಿಗೆ ಬರುತ್ತಿರಲಿಲ್ಲ. ಹಾಗಾಗಿ ರೈತರೂ ಮಾಸ್ಕೋ ಕಡೆ ವಲಸೆ ಬಂದರು. ಇದೇ ಹೊತ್ತಿಗೆ ಚರ್ಚಿನ ಮುಖ್ಯಸ್ಥ ಪೀಟರ್ ಮಾಸ್ಕೋಗೆ ಬಂದು ನೆಲೆಸಿ, 1326ರಲ್ಲಿ ಅಲ್ಲೇ ತೀರಿಕೊಂಡ. ಖಾನನ ಸನದು ಒಂದು ಕೈಯಲ್ಲಿ, ಸಂತನ ಸಮಾಧಿ ಇನ್ನೊಂದು ಕೈಯಲ್ಲಿ. ತ್ವೇರ್‌ಗೆ ಇನ್ನೇನು ಉಳಿಯಿತು?

ಅದೃಷ್ಟವೂ ಕೈಹಿಡಿಯಿತು ಅನ್ನಿ. 1353ರ ಪ್ಲೇಗಿನಲ್ಲಿ ಮಾಸ್ಕೋ ರಾಜ ಸೈಮನ್, ಅವನ ಮಕ್ಕಳು, ಒಬ್ಬ ತಮ್ಮ ಎಲ್ಲರೂ ಸತ್ತರು. ಕ್ರೂರವಾದ ಮಾತು, ಆದರೆ ಪಾಲು ಕೇಳುವವರು ಕಡಿಮೆಯಾದರು. ತ್ವೇರ್‌ನಲ್ಲಿ ನೆಲ ತಲೆಮಾರಿಗೊಮ್ಮೆ ಚೂರಾಗುತ್ತಿದ್ದರೆ ಇಲ್ಲಿ ಇಡಿಯಾಗಿ ಉಳಿಯಿತು.

ಈಗ ನಿಮ್ಮ ಎರಡನೇ ಪ್ರಶ್ನೆ. 1380ರಲ್ಲಿ ಮಾಸ್ಕೋ ರಾಜ ಡಿಮಿಟ್ರಿ ಡಾನ್‌ಸ್ಕೋಯ್ ಕುಲಿಕೊವೊ ಬಯಲಿನಲ್ಲಿ ಮಮಾಯ್‌ನನ್ನು ಸೋಲಿಸಿದ್ದು ನಿಜ. ಆದರೆ ಮಮಾಯ್ ಚೆಂಗೀಸ್ ಖಾನನ ವಂಶದವನಲ್ಲ, ಬಲವಂತವಾಗಿ ಅಧಿಕಾರ ಹಿಡಿದ ಸೇನಾಪತಿ. ಎರಡೇ ವರ್ಷದಲ್ಲಿ ನಿಜವಾದ ಖಾನ್ ತೊಖ್ತಮಿಶ್ ಬಂದು ಮಾಸ್ಕೋ ಸುಟ್ಟ. ಕಪ್ಪ ಮತ್ತೆ ಶುರುವಾಯಿತು. 1389ರಲ್ಲಿ ಡಿಮಿಟ್ರಿ ಬರೆಸಿದ ಉಯಿಲು ನೋಡಿ. ಖಾನನ ಒಪ್ಪಿಗೆಗೆ ಕಾಯದೆ ಹಿರಿಯ ರಾಜನ ಪಟ್ಟವನ್ನು ತನ್ನ ಮಗನಿಗೆ ಬರೆದುಕೊಟ್ಟಿದ್ದಾನೆ. ಇನ್ನೂ ಮಜಾ ಇರುವುದು ಮುಂದೆ: ದೇವರು ಚಿನ್ನದ ತಂಡದ ಗತಿ ಬದಲಿಸಿ ಕಪ್ಪ ಕೊಡುವುದು ನಿಂತರೆ, ಪ್ರತಿಯೊಬ್ಬ ಮಗನೂ ತನ್ನ ಪಾಲಿನ ಊರುಗಳಲ್ಲಿ ಎತ್ತಿದ್ದನ್ನು ತಾನೇ ಇಟ್ಟುಕೊಳ್ಳಲಿ. ಕಪ್ಪ ನಿಂತರೆ ರೈತ ಕೊಡುವುದನ್ನು ನಿಲ್ಲಿಸಲಿ ಅಂತ ಎಲ್ಲೂ ಇಲ್ಲ. ಕಂದಾಯ ಹಾಗೇ ಇರಬೇಕು, ಮೇಲಕ್ಕೆ ಹೋಗುವುದು ಮಾತ್ರ ನಿಲ್ಲಬೇಕು. ಮಾಸ್ಕೋದ ಮುಂದಿನ ಇತಿಹಾಸವೆಲ್ಲ ಆ ಒಂದು ಸಾಲಿನಲ್ಲಿದೆ ಅಂತ ನನಗನ್ನಿಸುತ್ತದೆ.

ಅದನ್ನು ಮಾಡಿ ತೋರಿಸಿದವನು ಮೂರನೇ ಇವಾನ್, 1462ರಿಂದ 1505ರವರೆಗೆ ಆಳಿದವನು. ಅವನು ನುಂಗಿದ್ದರಲ್ಲಿ ದೊಡ್ಡದು ನೊವ್ಗೊರೊಡ್. ಆ ಊರಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಅಲ್ಲಿ ರಾಜನನ್ನು ಊರಿನ ಸಭೆ ಕರೆಸುತ್ತಿತ್ತು, ಬೇಡ ಅನ್ನಿಸಿದರೆ ಕಳಿಸಿಬಿಡುತ್ತಿತ್ತು. ಸಭೆ ಸೇರಲು ಗಂಟೆ ಬಾರಿಸುತ್ತಿದ್ದರು. ಜನ ಬರ್ಚ್ ಮರದ ತೊಗಟೆಯ ಮೇಲೆ ಕೆರೆದು ಕಾಗದ ಬರೆಯುತ್ತಿದ್ದರು. 1951ರಿಂದ ಅಂಥವು ಸಾವಿರಕ್ಕೂ ಹೆಚ್ಚು ನೆಲದಡಿ ಸಿಕ್ಕಿವೆ. ಸಾಲದ ಲೆಕ್ಕ, ಮನೆಯ ಜಗಳ, ಹೆಂಡತಿಗೆ ಬರೆದ ಓಲೆ. ಒಂಫಿಮ್ ಎಂಬ ಹುಡುಗ ಅಕ್ಷರ ತಿದ್ದುತ್ತ ತಿದ್ದುತ್ತ ಬೇಜಾರಾಗಿ, ಕುದುರೆ ಏರಿ ಶತ್ರುವಿಗೆ ಈಟಿ ಹಾಕುತ್ತಿರುವವನ ಚಿತ್ರ ಬರೆದು, ಪಕ್ಕದಲ್ಲಿ ತನ್ನದೇ ಹೆಸರು ಗೀಚಿದ್ದಾನೆ. ಹದಿಮೂರನೇ ಶತಮಾನದ ತೊಗಟೆ ಅದು. 1478ರಲ್ಲಿ ಇವಾನ್ ಆ ಸಭೆಯನ್ನೇ ರದ್ದು ಮಾಡಿದ. ಗಂಟೆ ಇಳಿಸಿ ಮಾಸ್ಕೋಗೆ ಸಾಗಿಸಿದ. ದೊಡ್ಡ ಜಮೀನುದಾರರನ್ನು ಎಬ್ಬಿಸಿ, ಆ ನೆಲವನ್ನು ಸೈನ್ಯದ ಚಾಕರಿ ಮಾಡುವವರಿಗೆ ಜಹಗೀರಾಗಿ ಹಂಚಿದ. ಚಾಕರಿ ಇರುವಷ್ಟು ದಿನ ನೆಲ, ಇಲ್ಲದಿದ್ದರೆ ಇಲ್ಲ.

ಇನ್ನು ತ್ವೇರ್. ಇಲ್ಲಿ ನಮ್ಮ ಬೀದರ್ ಬರುತ್ತದೆ. ಅಫನಾಸಿ ನಿಕಿಟಿನ್ ತ್ವೇರ್‌ನ ವ್ಯಾಪಾರಿ. ವೋಲ್ಗಾದಲ್ಲಿ ದೋಣಿ ಇಳಿಸಿ ಹೊರಟವನನ್ನು ಅಸ್ಟ್ರಖಾನ್ ಹತ್ತಿರ ತಾತಾರರು ದೋಚಿದರು. ಸಾಲ ಹೊತ್ತು ಊರಿಗೆ ಹೋಗಲಾರದೆ ಪರ್ಷಿಯಾ, ಹೊರ್ಮುಜ್ ದಾಟಿ ಚೌಲ್ ಬಂದರಿಗೆ ಬಂದ. 1470ರ ಆಸುಪಾಸಿನಲ್ಲಿ ಬೀದರ್‌ನಲ್ಲಿದ್ದ. ಬಹಮನಿಗಳ ರಾಜಧಾನಿ, ಮಹಮೂದ್ ಗಾವಾನನ ಮದರಸಾ ಮೇಲೇಳುತ್ತಿದ್ದ ಕಾಲ. ಜೊತೆಗೆ ತಂದ ಕುದುರೆಯನ್ನು ಅಲ್ಲೇ ಮಾರಿದ. ಸುಲ್ತಾನನ ಅರಮನೆಗೆ ಏಳು ಬಾಗಿಲು, ಬಾಗಿಲಿಗೆ ನೂರು ಕಾವಲುಗಾರರು, ನೂರು ಬರಹಗಾರರು, ಒಳಗೆ ಹೋಗುವವರನ್ನೂ ಹೊರಗೆ ಬರುವವರನ್ನೂ ಬರೆದುಕೊಳ್ಳುತ್ತಾರೆ ಅಂತ ನೋಡಿದ್ದನ್ನು ಟಿಪ್ಪಣಿ ಮಾಡಿಕೊಂಡಿದ್ದಾನೆ. ಅದೇ ಟಿಪ್ಪಣಿಯಲ್ಲಿ ಒಂದು ಪ್ರಾರ್ಥನೆ ಬರುತ್ತದೆ: ಈ ಲೋಕದಲ್ಲಿ ರುಸ್ ನಾಡಿನಂಥದ್ದು ಇನ್ನೊಂದಿಲ್ಲ, ಆದರೆ ಅಲ್ಲಿನ ಬೇಗ್‌ಗಳು (ಒಡೆಯರು) ನ್ಯಾಯವಂತರಲ್ಲ. ಈ ಮಾತನ್ನು ಅವನು ರಷ್ಯನ್ ಭಾಷೆಯಲ್ಲಿ ಬರೆಯಲಿಲ್ಲ, ತುರ್ಕಿ ಭಾಷೆಯಲ್ಲಿ ಬರೆದ. ಊರಿನ ಅಧಿಕಾರಿಗಳ ಕಣ್ಣಿಗೆ ಬೀಳಬಾರದು ಅಂತ ಇರಬಹುದು, ಅಲ್ವಾ? ವಾಪಸು ಹೋಗುವಾಗ ಸ್ಮೊಲೆನ್ಸ್ಕ್ ಮುಟ್ಟುವ ಮೊದಲೇ ಸತ್ತ. ಕಾಗದಗಳು 1475ರಲ್ಲಿ ಮಾಸ್ಕೋ ಸೇರಿದವು. ಹತ್ತು ವರ್ಷದಲ್ಲಿ, 1485ರಲ್ಲಿ, ಅವನ ತ್ವೇರ್ ಕೂಡ ಮಾಸ್ಕೋ ಸೇರಿತು.

ನಡುವೆ 1480. ಅಖ್ಮತ್ ಖಾನ್ ಸೈನ್ಯ ತಂದು ಉಗ್ರಾ ನದಿಯ ಆಚೆ ನಿಂತ, ಇವಾನನ ಸೈನ್ಯ ಈಚೆ. ಅಖ್ಮತ್ ಪೋಲೆಂಡ್-ಲಿಥುವೇನಿಯಾದ ರಾಜನ ನೆರವಿಗೆ ಕಾದ. ಆ ರಾಜ ಬರಲಿಲ್ಲ, ಯಾಕೆಂದರೆ ಕ್ರಿಮಿಯಾದ ಖಾನ್ ಅವನ ನೆಲದ ಮೇಲೆ ದಾಳಿ ಮಾಡುತ್ತಿದ್ದ. ಕ್ರಿಮಿಯಾದ ಖಾನ್ ಇವಾನನ ಗೆಳೆಯ. ನದಿ ಹೆಪ್ಪುಗಟ್ಟಿತು, ಎರಡೂ ಕಡೆಯವರು ಮನೆಗೆ ಹೋದರು. ಪಾಠಪುಸ್ತಕದ 'ಮಂಗೋಲ್ ನೊಗ ಕಿತ್ತೆಸೆದ ಯುದ್ಧ' ಇದೇ. ಒಬ್ಬ ಖಾನನಿಂದ ಬಿಡಿಸಿಕೊಳ್ಳಲು ಇನ್ನೊಬ್ಬ ಖಾನ್ ಬೇಕಾದ.

ಕೀವ್ ಈ ಹೊತ್ತಿಗೆ ಎಲ್ಲಿತ್ತು ಅಂತ ಮರೆಯಬೇಡಿ. ಹದಿನಾಲ್ಕನೇ ಶತಮಾನದ 1360ರ ದಶಕದಲ್ಲೇ ಅದು ಲಿಥುವೇನಿಯಾದ ಕೈ ಸೇರಿತ್ತು. ಮಾಸ್ಕೋದವರು ಅದನ್ನು 'ನಮ್ಮ ಪೂರ್ವಿಕರ ಆಸ್ತಿ' ಅನ್ನುತ್ತಿದ್ದರು. ಅಲ್ಲಿನ ಜನ ಬೇರೆ ರಾಜರ ಕೆಳಗೆ, ಬೇರೆ ಕಾನೂನಿನಲ್ಲಿ ಬೆಳೆಯುತ್ತಿದ್ದರು. ಯುಕ್ರೇನ್, ಬೆಲಾರೂಸ್ ಚರಿತ್ರೆಯ ದಾರಿ ಬೇರೆಯಾಗುವುದು ಇಲ್ಲಿ. ಮಾಸ್ಕೋಗೆ ಕೀವ್ ಸಿಕ್ಕಿದ್ದು 1667ರಲ್ಲಿ, ಅದೂ ಎರಡು ವರ್ಷದ ಮಾತಿಗೆ. ಮಾತು ತಪ್ಪಿ ಇಟ್ಟುಕೊಂಡರು. 1686ರಲ್ಲಿ ಪೋಲೆಂಡಿಗೆ 1,46,000 ರೂಬಲ್ ಕೊಡಲು ಒಪ್ಪಿ ಖಾಯಂ ಮಾಡಿಕೊಂಡರು. ಹಾಗಾಗಿ ಕೀವ್‌ನಿಂದ ಮಾಸ್ಕೋಗೆ ನೇರವಾಗಿ ಗೆರೆ ಎಳೆಯುವ ಪುಸ್ತಕವನ್ನು ಸ್ವಲ್ಪ ಅನುಮಾನದಿಂದಲೇ ಓದಿ. ಆ ಮನೆಗೆ ವಾರಸುದಾರರು ಒಬ್ಬರಿಗಿಂತ ಜಾಸ್ತಿ ಇದ್ದಾರೆ.

ಕೊನೆಗೆ 1547 ಮತ್ತು 1721. ರುಸ್ ಜನ ಬೈಜಾಂಟಿಯಂ ಚಕ್ರವರ್ತಿಯನ್ನೂ ಸಾರ್ ಅನ್ನುತ್ತಿದ್ದರು, ಸರಾಯ್‌ನ ಖಾನನನ್ನೂ ಸಾರ್ ಅನ್ನುತ್ತಿದ್ದರು. ಒಬ್ಬ 1453ರಲ್ಲಿ ತುರ್ಕರ ಕೈಯಲ್ಲಿ ಮುಗಿದ, ಇನ್ನೊಬ್ಬನ ರಾಜ್ಯ ಚೂರಾಯಿತು. 1547ರ ಜನವರಿ 16ರಂದು ನಾಲ್ಕನೇ ಇವಾನ್ ಸಾರ್ ಅಂತ ಕಿರೀಟ ಇಟ್ಟುಕೊಂಡಾಗ, ನನ್ನ ಮೇಲೆ ಇನ್ನು ಯಾರೂ ಇಲ್ಲ ಅಂತ ಸಾರಿದ ಹಾಗಾಯಿತು. 1552ರಲ್ಲಿ ಕಜಾನ್, 1556ರಲ್ಲಿ ಅಸ್ಟ್ರಖಾನ್ ಗೆದ್ದ. ಈಗ ಮಾಸ್ಕೋ ತಾತಾರರಿಂದಲೇ ಕಪ್ಪ ಎತ್ತತೊಡಗಿತು. ಅವನ ಕೊಲೆಗಡುಕತನ, 1570ರಲ್ಲಿ ತನ್ನದೇ ನೊವ್ಗೊರೊಡ್ ಮೇಲೆ ನಡೆಸಿದ ಮಾರಣಹೋಮ, 1598ರಲ್ಲಿ ರೂರಿಕ್ ವಂಶ ನಿಂತು ಬಂದ ಅರಾಜಕತೆ, ಕ್ರೆಮ್ಲಿನ್‌ನಲ್ಲಿ ಪೋಲಿಷ್ ಸೈನಿಕರು, 1613ರಲ್ಲಿ ಹದಿನಾರರ ಹುಡುಗ ಮಿಖೈಲ್ ರೊಮಾನೊವ್‌ಗೆ ಪಟ್ಟ, ಇವೆಲ್ಲ ನಿಮ್ಮ ಪುಸ್ತಕದಲ್ಲಿ ಬೇಕಾದಷ್ಟಿವೆ. ಅದರಲ್ಲಿ ಕಡಿಮೆ ಸಿಗುವುದು ಸೈಬೀರಿಯಾದ ಲೆಕ್ಕ. ಗಡಿನಾಡಿನ ಪಡೆಯವರಾದ ಕೊಸಾಕರು 1639ಕ್ಕೆ ಪೆಸಿಫಿಕ್ ತೀರ ಮುಟ್ಟಿದರು. ದಾರಿಯುದ್ದಕ್ಕೂ ಬುಡಕಟ್ಟುಗಳಿಂದ ಸೇಬಲ್ ಎಂಬ ಪ್ರಾಣಿಯ ತುಪ್ಪಳದ ಚರ್ಮದ ಕಪ್ಪ. ಅದನ್ನು ಕರೆದದ್ದೂ ಯಸಾಕ್ ಅಂತ, ಮಂಗೋಲರ ಕಾಲದ ಅದೇ ಹೆಸರಿನಿಂದ. ಇತ್ತ 1649ರ ಕಾನೂನು ರೈತನನ್ನು ಜಮೀನುದಾರನ ನೆಲಕ್ಕೆ ಶಾಶ್ವತವಾಗಿ ಕಟ್ಟಿಹಾಕಿತು. ಓಡಿಹೋದವನನ್ನು ಎಷ್ಟು ವರ್ಷ ಕಳೆದರೂ ಹಿಡಿದು ತರಬಹುದು.

ಸಾರ್ ಪೀಟರ್ ಅಂದರೆ ಗಡ್ಡ ಬೋಳಿಸಿದ್ದು ಎಲ್ಲರಿಗೂ ನೆನಪಾಗುತ್ತದೆ. 1705ರಲ್ಲಿ ಗಡ್ಡಕ್ಕೂ ತೆರಿಗೆ ಹಾಕಿದ. ಕಟ್ಟಿದವರಿಗೆ ಒಂದು ಬಿಲ್ಲೆ ಕೊಡುತ್ತಿದ್ದರು. ಅದರ ಮೇಲೆ ಮೂಗು, ಮೀಸೆ, ಗಡ್ಡದ ಚಿತ್ರ, ಜೊತೆಗೆ 'ಹಣ ಸಂದಿದೆ' ಅನ್ನುವ ಬರಹ. ಅದು ತಮಾಷೆ ಅನ್ನಿಸುತ್ತದೆ, ಆದರೆ ಅವನ ದೊಡ್ಡ ಕೆಲಸ ತಲೆಗಂದಾಯ. ಮೊದಲು ಮನೆ ಲೆಕ್ಕದಲ್ಲಿ ತೆರಿಗೆ ಇತ್ತು. ಜನ ಎರಡು ಮೂರು ಸಂಸಾರ ಒಂದೇ ಸೂರಿನಡಿ ಸೇರಿಸಿ ತಪ್ಪಿಸಿಕೊಳ್ಳುತ್ತಿದ್ದರು. ಪೀಟರ್ ಮಗುವಿನಿಂದ ಮುದುಕನವರೆಗೆ ಗಂಡು ತಲೆಗಳನ್ನೇ ಎಣಿಸಿಸಿದ. 1724ರಿಂದ ತಲೆಗೆ 74 ಕೊಪೆಕ್. ಎಣಿಸುವುದಕ್ಕೂ ಎತ್ತುವುದಕ್ಕೂ ಸೈನ್ಯವನ್ನೇ ಹಳ್ಳಿಗಳಿಗೆ ಬಿಟ್ಟ. ಆ ದುಡ್ಡು ಆ ಸೈನ್ಯವನ್ನೇ ಸಾಕಿತು. ಶ್ರೀಮಂತ ವರ್ಗಕ್ಕೆ ತಲೆಗಂದಾಯ ಇರಲಿಲ್ಲ, ಬದಲಿಗೆ ಜೀವಮಾನವಿಡೀ ಚಾಕರಿ.

1480ರಲ್ಲೇ ಕಪ್ಪ ಮುಗಿಯಿತು ಅಂತ ಬರೆಯುವವರು ಇನ್ನೊಂದು ಲೆಕ್ಕ ಬಿಟ್ಟುಬಿಡುತ್ತಾರೆ. ದಾಳಿ ತಪ್ಪಿಸಿಕೊಳ್ಳಲು ಮಾಸ್ಕೋ ಕ್ರಿಮಿಯಾದ ಖಾನನಿಗೆ 'ಉಡುಗೊರೆ' ಅನ್ನುವ ಹೆಸರಿನಲ್ಲಿ ತುಪ್ಪಳ, ಹಣ ಕಳಿಸುತ್ತಲೇ ಇತ್ತು. 1571ರಲ್ಲಿ ಆಗಿನ ಕ್ರಿಮಿಯಾದ ಖಾನ್ ಬಂದು ಮಾಸ್ಕೋ ಸುಟ್ಟಿದ್ದ. ಆ ಉಡುಗೊರೆ ಕಾಗದದ ಮೇಲೆ ನಿಂತದ್ದು 1700ರಲ್ಲಿ, ಪೀಟರ್ ತುರ್ಕರ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ. ಕ್ರಿಮಿಯಾವನ್ನೇ ರಷ್ಯಾದ ರಾಣಿ ಕ್ಯಾಥರೀನ್ 1783ರಲ್ಲಿ ಸೇರಿಸಿಕೊಂಡಳು.

ಸ್ವೀಡನ್ ಜೊತೆ ಇಪ್ಪತ್ತೊಂದು ವರ್ಷ ಕಾದಾಡಿ ಗೆದ್ದ ಮೇಲೆ, 1721ರ ಅಕ್ಟೋಬರ್ 22ರಂದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಸೆನೆಟ್ ಪೀಟರ್‌ಗೆ ಇಂಪರೇಟರ್ ಎಂಬ ಬಿರುದು ಕೊಟ್ಟಿತು. ಯೂರೋಪಿನ ಆಸ್ಥಾನಗಳಿಗೆ ಅರ್ಥವಾಗುವ ಬಿರುದು ಅದು. ಕೆಲವು ಆಸ್ಥಾನಗಳು ಒಪ್ಪಲು ಎಷ್ಟೋ ವರ್ಷ ಎಳೆದಾಡಿದವು. ಅಧಿಕೃತವಾಗಿ 'ರಷ್ಯನ್ ಸಾಮ್ರಾಜ್ಯ' ಶುರುವಾದದ್ದು ಯಾವಾಗ ಅಂತ ಒಂದು ಅಂಕದ ಪ್ರಶ್ನೆ ಬಂದರೆ 1721 ಬರೆಯಿರಿ. ಬೇರೆ ಭಾಷೆ, ಬೇರೆ ಧರ್ಮದ ಜನರನ್ನು ಆಳುವ ರಾಜ್ಯ ಯಾವಾಗ ಆಯಿತು ಅಂತ ಪ್ರಬಂಧದಲ್ಲಿ ಕೇಳಿದರೆ 1552ರ ಕಜಾನ್‌ನಿಂದ ಶುರುಮಾಡಿ. 1547ನ್ನು ಅದಕ್ಕೆ ಪೀಠಿಕೆಯಾಗಿ ಇಟ್ಟುಕೊಳ್ಳಿ.